ಬೆರಳುದ್ದದ ಸ್ಕ್ರೂ

ಕೋವಿಯ ನಳಿಗೆಯೊಳಗೆ ಸಿಕ್ಕಿಕೊಂಡಿದ್ದ ಚಿಂದಿ ಮೂರನೆಯ ಏಟಿಗೆ ಸಡಿಲವಾಯಿತು. ಅಣ್ಣ ಉಕ್ಕಿನ ಸರಳನ್ನು ಇನ್ನೊಮ್ಮೆ ಒತ್ತಿದ. ಹಳೇ ಗ್ರೀಸು ಹಿಡಿದು ಮೇಣದಂತಾಗಿದ್ದ ಬಟ್ಟೆಯ ಗಂಟೊಂದು ಹಿಂಬದಿಯಿಂದ ಹೊರಬಂದು ಮೇಜಿನ ಮೇಲಿದ್ದ ತಟ್ಟೆಗೆ ಠಣ್ಣನೆ ಬಿತ್ತು. ಬಟ್ಟೆ ಬಿದ್ದರೆ ಎಲ್ಲಾದರೂ ಠಣ್ ಅನ್ನುತ್ತದೆಯೇ? ಬಿಚ್ಚುವ ಮೊದಲೇ ಅವನಿಗೆ ಗುರುತು ಸಿಕ್ಕಿತು. ಆ ಗಂಟು ಅವನದೇ. ಕಪ್ಪು ದಾರ, ಎರಡು ಸುತ್ತು, ತುದಿಗೊಂದು ಕುಣಿಕೆ. ಒಳಗೆ ಬೆರಳುದ್ದದ ಒಂದು ಸ್ಕ್ರೂ ಇತ್ತು.

ಮೂವತ್ತೈದು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವನು ಅವನು. ಯಾವ ಯಂತ್ರ ಬಿಚ್ಚಿದರೂ ಅದರ ಸ್ಕ್ರೂಗಳನ್ನು ಚಿಂದಿಯಲ್ಲಿ ಕಟ್ಟಿ ಅದರ ಹೊಟ್ಟೆಗೇ ತುರುಕಿಡುತ್ತಿದ್ದ. ಒಂದರ ಸಾಮಾನು ಇನ್ನೊಂದಕ್ಕೆ ಹೋಗಬಾರದಲ್ಲ. ತಲೆಯನ್ನು ಕೇಳದೆ ಕೈ ತಾನೇ ಮಾಡಿಬಿಡುವಷ್ಟು ಅಭ್ಯಾಸವಾಗಿಹೋಗಿತ್ತು.

ಕೋವಿ ಅಪ್ಪನದು. ಒಂದು ಸಲಕ್ಕೆ ಒಂದೇ ಗುಂಡು ತುಂಬುವ ಹಳೇ ಬೇಟೆ ಕೋವಿ. ಅಪ್ಪ ಹೋದ ಮೇಲೆ ಸೋದರಮಾವ ಬಂದು ಪಾಲು ಮಾಡಿದ. ಮನೆ, ಮಂಚ, ಪಾತ್ರೆ ಎಲ್ಲ ಸಲೀಸಾಗಿ ಹಂಚಿದವನು ಕೋವಿಯ ಹತ್ತಿರ ಬಂದಾಗ ತಲೆ ಕೆರೆದುಕೊಂಡ. ಅದು ಅಣ್ಣನಿಗೂ ಬೇಕು, ಬಡಗಿ ಕೆಲಸದ ತಮ್ಮನಿಗೂ ಬೇಕು. "ಕಬ್ಬಿಣದವನಿಗೆ ಕಬ್ಬಿಣ, ಮರದವನಿಗೆ ಮರ" ಎಂದು ಕೋವಿಯನ್ನೇ ಬಿಚ್ಚಿಸಿಬಿಟ್ಟ, ಅಂಥ ಬುದ್ಧಿವಂತ! ನಳಿಗೆ ಅಣ್ಣನಿಗೆ ಬಂತು, ಭುಜಕ್ಕೆ ಒತ್ತುವ ಮರದ ಹಿಡಿ ತಮ್ಮನಿಗೆ ಹೋಯಿತು. ಬಿಚ್ಚಿದವನು ಅಣ್ಣನೇ. ಸಂಜೆ ನೋಡಿದರೆ ಎರಡನ್ನೂ ಜೋಡಿಸುವ ಸ್ಕ್ರೂ ಇಲ್ಲ. ತುಂಬಿದ ಮನೆಯಲ್ಲಿ ಅಣ್ಣ ತಮ್ಮನನ್ನು ಕಳ್ಳ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಆ ಮರದ ತುಂಡನ್ನು ಎತ್ತಿಕೊಂಡು ಎದ್ದು ಹೋದ. ಅವನ ಮನೆ ಎರಡೇ ಬೀದಿ ಆಚೆ. ಆದರೂ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಈ ಹೊಸ್ತಿಲು ತುಳಿದಿರಲಿಲ್ಲ.

ಕೆಲಸ ಬಿಟ್ಟು ಮನೆಯಲ್ಲಿ ಕೂತ ಅಣ್ಣನಿಗೆ ಎರಡು ತಿಂಗಳಿಂದ ಈ ನಳಿಗೆಯೇ ಧ್ಯಾನವಾಗಿತ್ತು. ಬೀರುವಿನ ಮೇಲಿಂದ ಇಳಿಸಿ, ಸೀಮೆಎಣ್ಣೆಯಲ್ಲಿ ನೆನೆಸಿ, ತುಕ್ಕು ಉಜ್ಜಿ ತೆಗೆದಿದ್ದ. ಬೇರೆ ಬಡಗಿಯಿಂದ ಹೊಸ ಹಿಡಿ ಮಾಡಿಸುವುದೆಂದು ನಿಶ್ಚಯಿಸಿದ್ದ. ಈಗಲೂ ಏನು ಮಹಾ? ಮನೆಯಲ್ಲಿ ಸಾವಿರ ಸ್ಕ್ರೂಗಳಿರುವ ಡಬ್ಬವಿದೆ, ಇದನ್ನೂ ಅದಕ್ಕೆ ಹಾಕಿದರೆ ನರಪಿಳ್ಳೆಗೂ ತಿಳಿಯುವುದಿಲ್ಲ ಎಂದುಕೊಂಡ. ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತು ಅವನ ಕೈಯ ಸ್ಕ್ರೂವನ್ನೇ ನೋಡುತ್ತಿದ್ದಳು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ," ಎಂದಳು. "ನೀವು ಹುಡುಕ್ಲೂ ಇಲ್ಲ, ಸೀದಾ ಕಳ್ಳನ್ನೇ ಹಿಡಿದ್ಬಿಟ್ರಿ."

ಅವನಿಗೆ ನಾಚಿಕೆಯಾಯಿತು. ಸ್ಕ್ರೂ ಜೇಬಿಗಿಟ್ಟು ಎದ್ದ. ಬರೀ ಸ್ಕ್ರೂ ಒಯ್ದರೆ ತಮ್ಮ ಅಂಗಡಿಯಿಂದ ತಂದದ್ದು ಅಂದುಕೊಳ್ಳುತ್ತಾನೆ, ಚಿಂದಿ, ದಾರ, ನಳಿಗೆ ಎಲ್ಲವನ್ನೂ ಒಯ್ಯಿರಿ ಎಂದು ಹೆಂಡತಿ ಹೂವಿನ ಚಿತ್ರದ ಹಾಸಿಗೆ ಬಟ್ಟೆ ತಂದು ಸುತ್ತಿ ಕೊಟ್ಟಳು. ದಾರಿಯಲ್ಲಿ ದರ್ಜಿಯೊಬ್ಬ, ಪರದೆ ಕಟ್ಟುವ ಕೋಲೇ ಎಂದು ಕೇಳಿದ. ಅಣ್ಣ ಹೌದೆಂದ.

ತಮ್ಮ ತನ್ನ ಮನೆಯ ಮುಂದಿನ ಚಪ್ಪರದಲ್ಲಿ ಹಲಗೆ ಕೀಸುತ್ತಿದ್ದ. ಅವನ ಹೆಂಡತಿ "ಭಾವ ಬಂದ್ರು" ಎಂದು ಸ್ಟೂಲು ಎಳೆದು ಹಾಕಿದಳು. ತಮ್ಮ ಕೀಸುವುದನ್ನು ನಿಲ್ಲಿಸಲಿಲ್ಲ. ಅಣ್ಣ ಕೂರಲಿಲ್ಲ. ಮರದ ಹೊಟ್ಟಿನ ನಡುವೆ ಬಟ್ಟೆ ಬಿಡಿಸಿ, ನಳಿಗೆಯ ಪಕ್ಕದಲ್ಲಿ ಸ್ಕ್ರೂ, ಚಿಂದಿ, ದಾರ ಇಟ್ಟ.

"ನಾನೇ ಕಟ್ಟಿಟ್ಟಿದ್ದೆ ಕಣೋ," ಎಂದ. "ನಳಿಗೆ ಒಳಗೇ ಇತ್ತು. ನಿನ್ನ ಕಳ್ಳ ಅಂದೆ."

ತಮ್ಮ ದಾರವನ್ನು ಬೆರಳಿಗೆ ಸುತ್ತಿ ನೋಡಿದ. ಎದ್ದು ಒಳಗೆ ಹೋದ. ಮುಗಿಯಿತು ಎಂದುಕೊಂಡ ಅಣ್ಣ. ಆದರೆ ತಮ್ಮ ಒಂದು ಕೈಯಲ್ಲಿ ಮರದ ಹಿಡಿ, ಇನ್ನೊಂದರಲ್ಲಿ ಬಿಸ್ಕತ್ತಿನ ತಗಡು ಡಬ್ಬಿ ಹಿಡಿದು ಮರಳಿ ಬಂದ. ಹಿಡಿ ಎಣ್ಣೆ ಕುಡಿದು ಫಳಫಳ ಅನ್ನುತ್ತಿತ್ತು. ಅಪ್ಪನ ಕೆನ್ನೆ ಒತ್ತಿ ಸವೆದ ಜಾಗವನ್ನು ಮಾತ್ರ ಉಜ್ಜದೆ ಹಾಗೆಯೇ ಬಿಟ್ಟಿದ್ದ. ಡಬ್ಬಿ ತೆರೆದರೆ ತರಹೇವಾರಿ ಸ್ಕ್ರೂಗಳು.

ಗುಜರಿ ಅಂಗಡಿಗೆ ಹೋದಾಗಲೆಲ್ಲ ಒಂದು ತರುತ್ತಿದ್ದರು ಎಂದು ತಮ್ಮನ ಹೆಂಡತಿಯೇ ಬಾಯಿಬಿಟ್ಟಳು. ಸರಿಯಾದದ್ದು ಸಿಕ್ಕ ದಿನ ಅಣ್ಣನ ಮುಖಕ್ಕೆ ಎಸೆದು ಬರುತ್ತೇನೆ ಅನ್ನುತ್ತಿದ್ದರಂತೆ. ನಳಿಗೆ ಆ ಮನೆಯಲ್ಲಿದ್ದರೆ ಯಾವುದು ಸರಿಯೆಂದು ಇಲ್ಲಿ ತಿಳಿಯುವುದು ಹೇಗೆ ಎಂದು ಅವಳು ಕೇಳಿದರೆ ಮತ್ತೆ ಗುಜರಿ ಅಂಗಡಿಗೇ ಹೊರಟುಬಿಡುತ್ತಿದ್ದರಂತೆ. ಅಣ್ಣನಿಗೆ ನಗು ಬಂತು, ಕಣ್ಣೂ ತುಂಬಿತು.

ಅಣ್ಣ ತನ್ನ ಸ್ಕ್ರೂ ಎತ್ತಿಕೊಂಡಾಗ ತಮ್ಮ ಅವನ ಕೈ ತಡೆದ. "ನಿಂದು ಆಮೇಲೆ. ಮೊದಲು ನನ್ನವು."

ಹದಿನಾಲ್ಕಿದ್ದವು. ಒಂದೂ ಕೂರುವುದಿಲ್ಲವೆಂದು ಅಣ್ಣನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಆದರೂ ಒಂದೊಂದನ್ನೂ ಒರೆಸಿ, ಎಣ್ಣೆ ಮುಟ್ಟಿಸಿ, ತೂತಿಗಿಟ್ಟು ತಿರುಗಿಸಿದ. ಒಂಬತ್ತನೆಯದು ಎರಡು ಸುತ್ತು ಒಳಗೆ ಹೋಗಿ ನಿಂತಿತು. ಬಹಳ ಹತ್ತಿರ ಬಂದಿತ್ತು ಎಂದ ಅಣ್ಣ. ತಮ್ಮ ತಲೆಯಾಡಿಸಿದ. ಕೊನೆಗೆ ಹಳೆಯದನ್ನು ಇಟ್ಟಾಗ ಅದು ಸದ್ದಿಲ್ಲದೆ ಇಳಿಯಿತು. ಕಡೆಯ ಸುತ್ತಿಗೆ ಅಣ್ಣ ಸ್ಕ್ರೂ ಡ್ರೈವರನ್ನು ತಮ್ಮನ ಕೈಗೆ ಕೊಟ್ಟ.

ಸಂಜೆ ಹೊರಟಾಗ ಅಣ್ಣ ಕೋವಿಯನ್ನು ಮುಟ್ಟಲಿಲ್ಲ. ಬಿಸ್ಕತ್ತಿನ ಡಬ್ಬಿಯನ್ನು ಎತ್ತಿಕೊಂಡ. "ಇದು ಬೇಕಿದ್ರೆ ಮನೆಗೆ ಬಂದು ತಗೊಂಡ್ಹೋಗು," ಎಂದ. ನಾಳೆ ಬರುವುದಾಗಿ ತಮ್ಮ ಹೇಳಿದ, ಹಲಗೆಯ ಮೇಲಿಂದ ಕಣ್ಣೆತ್ತದೆ.

ಮನೆಯಲ್ಲಿ ಹೆಂಡತಿ, ನಳಿಗೆ ಎಲ್ಲಿ ಎಂದು ಕೇಳಿದಳು. ಅವನು ದೀಪ ಹಾಕಿ, ಡಬ್ಬಿಯನ್ನು ತಟ್ಟೆಗೆ ಸುರಿದು, ಯಾವುದಕ್ಕೂ ಕೂರದ ಆ ಹದಿನಾಲ್ಕು ಸ್ಕ್ರೂಗಳ ತುಕ್ಕನ್ನು ಒಂದೊಂದಾಗಿ ಉಜ್ಜತೊಡಗಿದ.