ಬಾಣಂತಿ ಕೋಣೆಗೊಂದು ಕಿಟಕಿ

ಮನೆಗೆ ಒಂದು ಕೋಣೆ ಹೆಚ್ಚಿಗೆ ಕಟ್ಟಿಸುವುದೆಂದರೆ ನಮ್ಮ ಅಪ್ಪನ ಲೆಕ್ಕದಲ್ಲಿ ಅಂಗಿಗೆ ಜೇಬು ಹಚ್ಚಿದಷ್ಟೇ ಸುಲಭ. ಆಯುಸ್ಸೆಲ್ಲ ದರ್ಜಿ ಕೆಲಸ ಮಾಡಿದವರು. ಕಾಗದದ ಮೇಲೆ ಗೆರೆ ಎಳೆದರೆ ಅರ್ಧ ಕೆಲಸ ಮುಗಿಯಿತು ಎಂದೇ ನಂಬಿದ್ದರು. ಆ ಭಾನುವಾರ ಊಟವಾದ ಮೇಲೆ ನಡುಮನೆಯಲ್ಲಿ ಅಂಗಡಿಯ ಕಂದು ಕಾಗದ ಹಾಸಿ, ಬಳಪ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕೂತರು. ನಾನು ಮದುವೆಯಾಗಿ ಎರಡು ಬೀದಿ ಆಚೆ ಇದ್ದೇನೆ. ತವರಿನಲ್ಲಿ ಇಂಥ ಮಾತುಕತೆ ನಡೆಯುತ್ತದೆಂದರೆ ನನಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ, ಹೋಗಿದ್ದೆ.

ತಮ್ಮನ ಹೆಂಡತಿಗೆ ಆಗ ಏಳು ತಿಂಗಳು. ಹಿತ್ತಿಲ ಗೋಡೆಗೆ ಆನಿಸಿ ಒಂದು ಕೋಣೆ ಎದ್ದರೆ ಬಾಣಂತನ ಅಲ್ಲೇ ಆಗುತ್ತದೆ, ಆಮೇಲೆ ಗಂಡ ಹೆಂಡಿರಿಗೆ ಅದೇ ಕೋಣೆಯಾಗುತ್ತದೆ ಎಂಬುದು ಎಲ್ಲರ ಆಸೆ. ಮೇಸ್ತ್ರಿ ಬೆಳಗ್ಗೆಯೇ ಬಂದು ಜಾಗ ಅಳೆದು, ಬಾಯಿಮಾತಿನಲ್ಲೇ ಖರ್ಚಿನ ಅಂದಾಜು ಹೇಳಿ ಹೋಗಿದ್ದ.

“ತಾರಸಿ ಕೈಗೆಟುಕಲ್ಲ ಅಪ್ಪ, ಶೀಟು ಹಾಕ್ಸೋಣ,” ಎಂದ ತಮ್ಮ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್.

“ಶೀಟು ಹಾಕಿದ್ರೆ ಬೇಸಿಗೇಲಿ ನಿನ್ ಮಗು ಬೆಂದು ಹೋಗುತ್ತೆ.”

“ಹಾಗಾದ್ರೆ ದುಡ್ಡನ್ನೂ ನೀವೇ ಹೊಲ್ಕೊಡಿ!”

“ಮನೆ ಕಟ್ಟಿ ನೋಡು ಅಂತ ದೊಡ್ಡೋರು ಸುಮ್ನೆ ಹೇಳಿದ್ರೇನೋ?” ಎಂದು ಅಪ್ಪ ನಕ್ಕರು. ನಾವೂ ನಕ್ಕೆವು. ಬಾಗಿಲಿಗೆ ಒರಗಿ, ಮೂರು ವರ್ಷದ ಮಗಳು ಪುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಣ್ಣ ಮಾತ್ರ ನಗಲಿಲ್ಲ. ಅತ್ತಿಗೆ ಹೋದ ಮೇಲೆ ಅವನು ನಕ್ಕಿದ್ದನ್ನು ನಾನು ಕಂಡಿಲ್ಲ.

ಇಟ್ಟಿಗೆ, ಸಿಮೆಂಟು, ಮರಳು, ಬಾಗಿಲು ಎಂದು ಅಪ್ಪ ಬರೆಯುತ್ತ ಬಂದರು. ಕಿಟಕಿ ಎಂದು ಬರೆಯುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ಕಿಟಕಿ ಯಾಕ್ರೀ? ಬಾಣಂತಿ ಕೋಣೆಗೆ ಯಾರಾದ್ರೂ ಕಿಟಕಿ ಇಡ್ತಾರಾ?”

“ಬಾಣಂತನ ಮುಗಿದ ಮೇಲೆ ಬೇಡ್ವೇನೇ?”

“ಮುಗಿದ ಮೇಲೆ ಗೋಡೆ ಒಡೆಸ್ಕೊಳ್ಳಿ, ಯಾರು ಬೇಡ ಅಂದ್ರು? ಮೊದ್ಲು ಅವಳು ಜೀವಂತ ಎದ್ದು ಬರ್ಲಿ. ಆ ದುಡ್ಡಲ್ಲಿ ದಪ್ಪನೆ ಬಾಗಿಲು ಮಾಡ್ಸಿ. ಹೊಸ್ತಿಲು ಎತ್ತರ ಇರ್ಬೇಕು, ಕೆಳಗೆ ಒಂದು ಸಂದೂ ಇರಕೂಡದು. ಕಡಿಮೆ ಬಿದ್ರೆ ನನ್ ಬಳೆ ಮಾರಿ.”

ಅಮ್ಮ ಕೆಟ್ಟವಳಲ್ಲ, ಓದುಗರೇ. ಕೆಟ್ಟವಳಾಗಿದ್ದರೆ ಇದನ್ನು ಬರೆಯುವುದು ನನಗೆ ಎಷ್ಟೋ ಸುಲಭವಿತ್ತು. ಸೊಸೆಯ ಕಾಲು ಊದಿದರೆ ತಾನೇ ಕೂತು ನೀವುವ ಅತ್ತೆ ಅವಳು. ಸೊಸೆಯನ್ನು ಕೊಲ್ಲುವ ಕೋಣೆಗೆ ಅವಳು ಮಾರಲು ಹೊರಟಿದ್ದದ್ದು ತನ್ನ ಕೈಯ ಬಳೆಯನ್ನೇ.

ಮೂರು ವರ್ಷದ ಹಿಂದಿನ ಮಾತು ಹೇಳಬೇಕು. ಅತ್ತಿಗೆಯ ಬಾಣಂತನ ನಡುಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ನಡೆಯಿತು. ಬಾಣಂತಿಗೆ ಗಾಳಿ ಸೋಕಬಾರದೆಂಬುದು ನಮ್ಮ ಮನೆತನದ ಕಟ್ಟು. ಗೋಡೆಯ ಬಿರುಕಿಗೆಲ್ಲ ಹಳೆಯ ಬಟ್ಟೆ ತುರುಕಿ, ಮಂಚದ ಬಳಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು, ಸಂಜೆ ಹೊರಗಿನಿಂದ ಚಿಲಕ ಹಾಕಿದರೆ ತೆಗೆಯುವುದು ಬೆಳಕು ಹರಿದ ಮೇಲೆಯೇ. ಅಜ್ಜಿ ಹಾಗೆ ಮಾಡಿದ್ದಳು, ಅಜ್ಜಿಯ ಅತ್ತೆಯೂ ಹಾಗೆ ಮಾಡಿದ್ದಳು. ಬದುಕಿ ಬಂದವರನ್ನು ಎಲ್ಲರೂ ತೋರಿಸುತ್ತಿದ್ದರು, ಸತ್ತವರ ಲೆಕ್ಕ ಯಾರೂ ಇಟ್ಟಿರಲಿಲ್ಲ. ಅಣ್ಣನಿಗೆ ಆಗ ರಾತ್ರಿ ಪಾಳಿ. ಒಂದು ಚಳಿಯ ಬೆಳಗ್ಗೆ ಅಮ್ಮ ಚಿಲಕ ತೆಗೆದಾಗ ಅತ್ತಿಗೆ ಬಾಗಿಲ ಬುಡದಲ್ಲಿ ಬರಿ ನೆಲದ ಮೇಲೆ ಬಿದ್ದಿದ್ದಳು. ಪಕ್ಕದಲ್ಲಿ ಕೂಸು, ಬಾಗಿಲ ಕೆಳಗಿನ ಬೆರಳಗಲದ ಸಂದಿಗೆ ಮುಖವಿಟ್ಟು ಮಲಗಿತ್ತು. ಅದಕ್ಕೆ ಉಸಿರಿತ್ತು.

“ಇದ್ದಿಲ ಕೆಂಡದ ವಿಷ ಕಣಮ್ಮ. ಮುಚ್ಚಿದ ಕೋಣೇಲಿ ಉಸಿರಾಡೋಕೆ ಗಾಳಿ ಎಲ್ಲಿರುತ್ತೆ?” ಎಂದು ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದರು. ಅಮ್ಮ ಒಪ್ಪಲಿಲ್ಲ.

“ಹೊಗೆನೇ ಇರ್ಲಿಲ್ಲ, ವಿಷ ಎಲ್ಲಿಂದ ಬಂತು? ಡಾಕ್ಟರೇನು ಹೆತ್ತಿದಾರಾ? ಆ ಸಂದೀಲಿ ಗಾಳಿ ನುಗ್ಗಿ ಅವಳ ತಲೆಗೇರ್ತು. ಬುದ್ಧಿ ನೆಟ್ಟಗಿದ್ದೋರು ಹಸುಗೂಸನ್ನ ಬೆಚ್ಚಗಿನ ಮಂಚದಿಂದ ಎತ್ತಿ ತಣ್ಣನೆ ನೆಲದ ಮೇಲೆ ಹಾಕ್ತಾರಾ?”

ಬೀದಿಯ ಹೆಂಗಸರೆಲ್ಲ ಹೌದೆಂದು ತಲೆದೂಗಿದರು. ಅಂದಿನಿಂದ ಆ ಕೋಣೆಗೆ ಚಿಲಕ ಬಿದ್ದಿದೆ. ಮನೆಗೆ ಮಾತ್ರ ನೆಮ್ಮದಿಯಿಲ್ಲ. ಅಮ್ಮ ನಿದ್ದೆಯಲ್ಲಿ ಬೆಚ್ಚಿ ಎದ್ದು ಕೂರುತ್ತಾಳೆ. ಯಾರೋ ಬಾಗಿಲು ತಟ್ಟಿದರು ಎನ್ನುತ್ತಾಳೆ. ಮೊದಮೊದಲು ಅಪ್ಪ ದೀಪ ಹಾಕಿ ಬೀದಿ ಬಾಗಿಲು ತೆಗೆದು ನೋಡುತ್ತಿದ್ದರು, ಬರುಬರುತ್ತ ಮಗ್ಗುಲು ಬದಲಿಸಿ ಮಲಗತೊಡಗಿದರು. ತಮ್ಮನ ಹೆಂಡತಿ ಒಮ್ಮೆ ನನ್ನ ಬಳಿ ದನಿ ತಗ್ಗಿಸಿ ಹೇಳಿದ್ದಳು: “ಅತ್ತೆ ಬೀದಿ ಬಾಗಿಲ ಕಡೆ ನೋಡೋದೇ ಇಲ್ಲ. ಆ ಕೋಣೆ ಕಡೆ ನೋಡ್ತಾರೆ.”

ಆ ಭಾನುವಾರಕ್ಕೆ ಬರುತ್ತೇನೆ. ಅಪ್ಪ ಅಂಗೈಯಿಂದ ಕಿಟಕಿಯ ಗೆರೆಯನ್ನು ಒರೆಸಿದರು. ಖರ್ಚು ಇಳಿಯಿತು, ತಮ್ಮನ ಮುಖ ಅರಳಿತು. ಹೆರುವವಳು ತಾನಲ್ಲವಲ್ಲ!

“ಕಿಟಕಿ ಬರೀರಿ ಮಾವ,” ಎಂದಳು ತಮ್ಮನ ಹೆಂಡತಿ.

ಆ ಹುಡುಗಿ ಮಾವನ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ತಮ್ಮ ಕಣ್ಣಲ್ಲೇ ಗದರಿಸಿದ. ಅವಳು ಅತ್ತ ನೋಡಲಿಲ್ಲ.

“ನಿನ್ ಒಳ್ಳೇದಕ್ಕೇ ಕಣೇ ಹೇಳ್ತಿರೋದು,” ಎಂದಳು ಅಮ್ಮ. “ಆ ಸಂದೀಲಿ ಗಾಳಿ ಬಂದೇ ತಾನೇ ಅವಳು ಹೋಗಿದ್ದು?”

“ಆ ಸಂದೀಲಿ ಗಾಳಿ ಬಂದಿದ್ದಕ್ಕೇ ಪುಟ್ಟಿ ಉಳಿದಿದ್ದು ಅತ್ತೆ.”

ಅಣ್ಣ ತಲೆಯೆತ್ತಿದ.

“ಅಕ್ಕಂಗೆ ಬುದ್ಧಿ ಕೆಟ್ಟಿರ್ಲಿಲ್ಲ,” ಎಂದಳು ಅವಳು. “ಉಸಿರು ಸಿಗ್ತಿರ್ಲಿಲ್ಲ. ಎಲ್ಲಿ ಗಾಳಿ ಬರುತ್ತೆ ಅಂತ ಕತ್ತಲಲ್ಲಿ ತಡವಿದಾರೆ. ಇಡೀ ಕೋಣೇಲಿ ನೀವು ಮುಚ್ಚೋಕೆ ಮರೆತಿದ್ದು ಅದೊಂದೇ ಸಂದು. ಅಲ್ಲಿ ಒಂದೇ ಮುಖಕ್ಕೆ ಜಾಗ ಇತ್ತು. ಅದನ್ನ ಮಗೂಗೆ ಕೊಟ್ರು.”

ಅಣ್ಣ ಪುಟ್ಟಿಯನ್ನು ಎದೆಗೆ ಅವುಚಿಕೊಂಡ. ಮೂರು ವರ್ಷ ಅವನ ಹೆಂಡತಿಯನ್ನು ನಾವೆಲ್ಲ ಬುದ್ಧಿ ಕೆಟ್ಟು ಸತ್ತವಳು ಎಂದೇ ಹೇಳಿಕೊಂಡು ಬಂದಿದ್ದೆವು.

“ಸುಮ್ನಿರೇ!” ಅಮ್ಮ ಕೂಗಿದಳು. “ಅವಳ ಬುದ್ಧಿ ಅಷ್ಟು ನೆಟ್ಟಗಿದ್ರೆ ‘ಮಲ್ಕೋ’ ಅಂದಾಗ ಮಲಗ್ಬೇಕಿತ್ತು, ಮತ್ತೆ ಮತ್ತೆ ಯಾಕೆ ತಟ್ಬೇಕಿತ್ತು?”

ಆಡಿದ ಮಾತು ತನ್ನ ಕಿವಿಗೇ ಬಿದ್ದ ಮೇಲೆ ಅಮ್ಮ ಗೋಡೆ ಹಿಡಿದು ನಿಧಾನಕ್ಕೆ ಕೂತಳು.

“ತಟ್ಟಿದ್ಲಾ?” ಎಂದ ಅಣ್ಣ.

“ನಾನು ಬಾಗಿಲ ಆಚೆನೇ ಮಲಗಿದ್ದೆ ಕಣೋ. ‘ಅತ್ತೆ, ತೆಗೀರಿ, ಹೇಗ್ಹೇಗೋ ಆಗ್ತಿದೆ’ ಅಂದ್ಲು. ಕತ್ತಲಲ್ಲಿ ತೆಗೆದ್ರೆ ಗಾಳಿ ಹೊಡೆಯುತ್ತಲ್ಲ ಅಂತ, ‘ಇನ್ನೇನು ಬೆಳಗಾಗುತ್ತೆ, ಮಲ್ಕೋ ಮಗಳೇ’ ಅಂದೆ. ಕೈ ಚಿಲಕದವರೆಗೂ ಹೋಗಿತ್ತು. ತೆಗೀಲಿಲ್ಲ.”

“ಎಷ್ಟು ಹೊತ್ತು ತಟ್ಟಿದ್ಲು ಅಮ್ಮ?”

ಅಮ್ಮ ಅವನ ಮುಖ ನೋಡಿದಳು. “ಇವತ್ತಿಗೂ ನಿಲ್ಸಿಲ್ಲ ಕಣೋ,” ಎಂದಳು.

ಆಮೇಲೆ ಅಪ್ಪನ ಕೈಯಲ್ಲಿದ್ದ ಬಳಪವನ್ನು ಎರಡೂ ಕೈಗಳಿಂದ ಹಿಡಿದಳು. “ಕಿಟಕಿ ಬರೀಬೇಡ್ರೀ. ಬರೆದ್ರೆ ಅವಳನ್ನ ಕೊಂದಿದ್ದು ಗಾಳಿ ಅಲ್ಲ, ನಾನು ಅಂತಾಗುತ್ತೆ.”

ನಮ್ಮ ಎಷ್ಟೋ ಪದ್ಧತಿಗಳು ಬದುಕಿರುವುದು ನಂಬಿಕೆಯ ಬಲದಿಂದಲ್ಲ ಎಂದು ನನಗೆ ಅಂದು ತಿಳಿಯಿತು. ತಪ್ಪೆಂದು ಒಪ್ಪಿದರೆ ಸತ್ತವರಿಗೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕಿಂತ ಇನ್ನೊಬ್ಬಳನ್ನು ಒಳಗೆ ದೂಡಿ ಚಿಲಕ ಹಾಕುವುದು ಸುಲಭ. ನಿಮ್ಮ ಮನೆಯಲ್ಲೂ ಹಿರಿಯರು ಒಂದು ಕಟ್ಟನ್ನು ಹಟದಿಂದ ಹಿಡಿದು ಕೂತಿದ್ದರೆ, ಅದರ ಹಿಂದೆ ಯಾರು ಸತ್ತಿದ್ದಾರೆಂದು ಒಮ್ಮೆ ಕೇಳಿ ನೋಡಿ.

ತಮ್ಮನ ಹೆಂಡತಿ ಹೊಟ್ಟೆ ಹಿಡಿದುಕೊಂಡು ಅಮ್ಮನ ಪಕ್ಕದಲ್ಲಿ ಕೂತಳು.

“ಹಾಗಂತಾದ್ರೆ ಆಗ್ಲಿ ಅತ್ತೆ. ಗೊತ್ತಿಲ್ದೆ ಮಾಡಿದ್ರಿ. ಇನ್ಮುಂದೆ ಮಾಡಿದ್ರೆ ಗೊತ್ತಿದ್ದೂ ಮಾಡಿದ ಹಾಗೆ. ನಾನು ಹೊರಗಿಂದ ಚಿಲಕ ಹಾಕೋ ಕೋಣೆಗೆ ಹೋಗಲ್ಲ. ಕಿಟಕಿ ಇಲ್ಲ ಅಂದ್ರೆ ಕೋಣೆನೇ ಬೇಡ, ಎಲ್ಲರೂ ಓಡಾಡೋ ಈ ನಡುಮನೇಲೇ ಕೂಸು ಮಲಗಿಸ್ಕೊಂಡು ಮಲಗ್ತೀನಿ. ನನಗೆ ಬದುಕ್ಬೇಕು ಅತ್ತೆ.”

ಅಣ್ಣ ಎದ್ದು ಬಂದ. ಅಮ್ಮನ ಬೆರಳುಗಳನ್ನು ಬಿಡಿಸಿ ಬಳಪ ತೆಗೆದುಕೊಂಡ. ಕಂದು ಕಾಗದದ ಮೇಲೆ ಎದುರುಬದುರು ಎರಡು ಕಿಟಕಿ ಬರೆದ. “ಚಿಲಕ ಒಳಗಡೆ ಇರ್ಲಿ,” ಎಂದು ತಮ್ಮನಿಗೆ ಹೇಳಿದ. ಅಮ್ಮನ ಮುಖ ನೋಡಲಿಲ್ಲ.

ಕೋಣೆ ಎದ್ದಿತು. ಅಂದಾಜು ಮೀರಿತು, ಮೀರದ ಅಂದಾಜು ಯಾವ ಮನೆಯಲ್ಲಿದೆ? ತಾರಸಿಯ ಆಸೆ ಬಿಟ್ಟು ಶೀಟು ಹಾಕಿಸಿದರು. ತಾಯಿ ಮಗು ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. “ಕಿಟಕಿ ಹತ್ರ ತಲೆ ಇಡ್ಬೇಡ್ವೇ” ಎಂದು ಅಮ್ಮ ಗೊಣಗುತ್ತಾಳೆ, ಆದರೆ ಕದ ಮುಚ್ಚುವುದಿಲ್ಲ. ಅಣ್ಣ ಅವಳ ಜೊತೆ ಮಾತು ಬಿಟ್ಟಿಲ್ಲ. ತಟ್ಟೆ ನೋಡಿಕೊಂಡು ಮಾತಾಡುತ್ತಾನೆ.

ಬಾಣಂತನದ ನೆಪದಲ್ಲಿ ಅಲ್ಲಿದ್ದಾಗ ಇನ್ನೊಂದನ್ನು ನೋಡಿದೆ. ಸಂಜೆ, ಹಿಂದೆ ಚಿಲಕ ಹಾಕುತ್ತಿದ್ದ ಹೊತ್ತಿಗೆ, ಅಮ್ಮ ಕೆಲಸ ನಿಲ್ಲಿಸಿ ಕಿವಿಗೊಡುತ್ತಾಳೆ. ಎದ್ದು ಹಳೆಯ ಕೋಣೆಯ ಬಳಿ ಹೋಗಿ ಚಿಲಕ ತೆಗೆಯುತ್ತಾಳೆ. ಬಾಗಿಲನ್ನು ಅಗಲವಾಗಿ ತೆರೆದು, ಪಕ್ಕಕ್ಕೆ ಸರಿದು, ಕೂಸನ್ನೆತ್ತಿಕೊಂಡು ಒಬ್ಬಳು ಹೊರಗೆ ಬರುವಷ್ಟು ಹೊತ್ತು ನಿಲ್ಲುತ್ತಾಳೆ. ಯಾರೂ ಬರುವುದಿಲ್ಲ.