ಹೊಸ್ತಿಲು ಕೀಳುವ ಕೆಲಸ

ಚಿನಕುರಳಿಯ ಬಡಗಿ ರಾಮಚಂದ್ರಾಚಾರಿಗೆ ಫೋನಿರಲಿಲ್ಲ. ಗಿರಾಕಿಗಳ ಫೋನನ್ನೆಲ್ಲ ಪಾಂಡವಪುರದ ಪ್ರಮೀಳಾ ತನ್ನ ಮನೆಯಲ್ಲೇ ತೆಗೆದುಕೊಂಡು, ವಿಳಾಸ, ಅಳತೆ ಬರೆದ ಚೀಟಿಯನ್ನು ಬಸ್ಸಿನ ಕಂಡಕ್ಟರನ ಕೈಲಿ ಕಳಿಸುತ್ತಿದ್ದಳು. ಮೂರು ವರ್ಷವಾದರೂ ಆಚಾರಿ ಅವಳ ಮುಖ ಕಂಡಿರಲಿಲ್ಲ.

ಆ ದಿನದ ಚೀಟಿ ಓದಿ ಆಚಾರಿಗೆ ಸಿಟ್ಟು ನೆತ್ತಿಗೇರಿತು. ಯಾರೋ ಗಿರಾಕಿಗೆ ತಲೆಬಾಗಿಲ ಹೊಸ್ತಿಲು ಕೀಳಿಸಬೇಕಂತೆ!

“ಒಸ್ಲು ಅಂದ್ರೆ ಲಕ್ಷ್ಮಿ ಕಣಪ್ಪಾ, ಯಾವನಾದ್ರೂ ಕಿತ್ತಾಕ್ತಾನಾ?” ಎಂದು ಕಂಡಕ್ಟರನ ಮೇಲೆ ರೇಗಿ, ಗಿರಾಕಿಗೆ ಬುದ್ಧಿ ಹೇಳಲು ಹತಾರದ ಚೀಲ ಹೆಗಲಿಗೇರಿಸಿ ಅದೇ ಬಸ್ಸು ಹತ್ತಿದ.

ಚೀಟಿಯಲ್ಲಿದ್ದ ಮನೆಯೊಳಗೆ ಗಾಲಿಕುರ್ಚಿಯಲ್ಲೊಬ್ಬ ಹೆಂಗಸು ಕೂತಿದ್ದಳು, ಮಡಿಲಲ್ಲಿ ಫೋನು.

“ಬನ್ನಿ ಆಚಾರ್ರೇ, ನಾನೇ ಪ್ರಮೀಳಾ.”

ಅವಳಿಗೂ ಬೀದಿಗೂ ನಡುವೆ ಅರಿಸಿನ ಬಳಿದ, ಗೇಣೆತ್ತರದ ಹೊಸ್ತಿಲಿತ್ತು.

ಆಚಾರಿ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಚೀಲದಿಂದ ಗರಗಸ ತೆಗೆದ.