ಮೀನಿಗೆ ಅಮ್ಮ ಬಂದದ್ದು

ವರ್ತೂರಿನ ಲಕ್ಷ್ಮಣಪ್ಪನಿಗೆ ಬಾಡಿಗೆ ಮನೆಗಳ ತಲೆನೋವು ಸಾಲದೆಂದು ಮೀನಿನ ಹುಚ್ಚೂ ಹತ್ತಿತ್ತು. ಕೆರೆಯಲ್ಲಿ ನೊರೆ ಬಿಟ್ಟು ಬೇರೇನೂ ಬೆಳೆಯದಾದ ಮೇಲೆ, ಹಿತ್ತಲಲ್ಲೇ ಎರಡು ಟಾರ್ಪಾಲಿನ್ ತೊಟ್ಟಿ ಕಟ್ಟಿ ತಿಲಾಪಿಯಾ ಮೀನಿನ ಮರಿ ಬಿಟ್ಟಿದ್ದ. "ಔಷಧಿ ಸೋಕದ ಮೀನು ಸಾರ್, ಯುಗಾದಿ ಮಾರನೇ ದಿನ ಹೊಸತೊಡಕಿನ ಬಾಡೂಟಕ್ಕೆ ಬಂದು ತಗೊಂಡೋಗಿ" ಅಂತ ಪಕ್ಕದ ಅಪಾರ್ಟ್‌ಮೆಂಟಿನವರಿಗೆ ಮಾತೂ ಕೊಟ್ಟಿದ್ದ. ಅಷ್ಟರಲ್ಲಿ ಮೀನಿನ ಮೈಮೇಲೆ ಕೆಂಪು ಹುಣ್ಣು ಎದ್ದವು.

ಮೇವಿನ ಅಂಗಡಿಯವನು ಹಳದಿ ಆಂಟಿಬಯೋಟಿಕ್ ಪುಡಿ ಕೊಟ್ಟ. ಮೀನುಗಾರಿಕೆ ಓದಿದ ಮಗಳು ದಿವ್ಯಾ ಫೋನಿನಲ್ಲೇ ಕೂಗಾಡಿದಳು. "ಅದು ಬೇಡಪ್ಪ! ಮೀನಿನ ಮೈಯಲ್ಲೇ ಉಳ್ಕೊಳ್ಳುತ್ತೆ. ಹಿಂಗೇ ಹಾಕ್ತಾ ಹೋದ್ರೆ ರೋಗ ಔಷಧಿಗೆ ಪಳಗಿಬಿಡುತ್ತೆ, ನಾಳೆ ಮನುಷ್ಯರಿಗೂ ಔಷಧಿ ನಾಟಲ್ಲ. ಬೆಳ್ಳುಳ್ಳಿ, ಬೇವಿನ ಸೊಪ್ಪು ಅರೆದು ಮೇವಿಗೆ ಕಲಸು, ನೋಡೋಣ."

ನೋಡೋಣ ಅಂದರೇನು? ಬದುಕುತ್ತವೋ ಸಾಯುತ್ತವೋ? ಲಕ್ಷ್ಮಣಪ್ಪ ಎಡಗಡೆ ತೊಟ್ಟಿಗೆ ಪುಡಿ, ಬಲಗಡೆ ತೊಟ್ಟಿಗೆ ಸೊಪ್ಪು ಹಾಕಿದ. ಬಲಗಡೆಯದು ಮಾತು ಕೊಟ್ಟವರಿಗೆ. ಆದರೆ ಅಲ್ಲಿ ಎರಡು ಮೀನು ಹೊಟ್ಟೆ ಮೇಲಾಗಿ ತೇಲಿದ್ದೇ ತಡ, ಜೀವ ತಡೆಯಲಿಲ್ಲ. ಅಲ್ಲಿಗೂ ಒಂದು ಹಿಡಿ ಪುಡಿ ಬಿತ್ತು. ಯಾರಿಗೂ ಹೇಳಲಿಲ್ಲ.

ಯುಗಾದಿ ಹೊತ್ತಿಗೆ ಎರಡೂ ತೊಟ್ಟಿಯಲ್ಲಿ ಹುಣ್ಣು ಮಾಯ! ವಾಸಿ ಮಾಡಿದ್ದು ಸೊಪ್ಪೋ ಪುಡಿಯೋ? ಪುಡಿಯ ಡಬ್ಬಿ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಗ ಹೆಂಡತಿ ಮುನಿಯಕ್ಕ ನಕ್ಕಳು.

"ಅದ್ರಾಗೇನೈತೆ? ಬರೀ ಅರಿಸಿನ. ಮೈಮ್ಯಾಲೆ ಕೆಂಪಗೆ ಎದ್ದೈತೆ ಅಂದ್ರೆ ಅಮ್ಮ ಬಂದವ್ಳೆ ಅಂತ. ಅಮ್ಮ ಬಂದಾಗ ಯಾರಾನಾ ಔಸ್ದಿ ಆಕ್ತಾರಾ? ಆ ಪುಡೀನ ತಿಪ್ಪೆಗೆ ಸುರ್ದು ಅರಿಸಿನ ತುಂಬ್ದೆ. ಎರಡು ತೊಟ್ಟಿಗೂ ಬೇವಿನ ನೀರು ಉಯ್ದೆ."

ಇಷ್ಟು ದಿನ ಸಾರಿಗೆ ಅರಿಸಿನ ಯಾಕೆ ಬಿದ್ದಿರಲಿಲ್ಲವೆಂದು ಲಕ್ಷ್ಮಣಪ್ಪನಿಗೆ ಈಗ ಹೊಳೆಯಿತು. ಮೀನಿನ ವಾಸನೆ ಕೂತ ಅವನ ಮೂಗಿಗೆ ಡಬ್ಬಿಯೊಳಗಿನ ಅರಿಸಿನದ ಘಾಟು ತಟ್ಟಿರಲೇ ಇಲ್ಲ.

"ಯಾವತ್ತು ಸುರ್ದೆ? ಬಲಗಡೆ ಮೀನು ತೇಲಿದ್ದಕ್ಕೆ ಮುಂಚೇನಾ, ಆಮ್ಯಾಕಾ?"

"ಅವತ್ತೇ ಇರ್ಬೇಕು. ಬೆಳಿಗ್ಗೇನೋ ಸಂಜೇನೋ, ಯಾರಿಗೆ ಗ್ಯಾಪ್ಕ?"

ಹಾಗಾದರೆ ಅವನು ಬಲಗಡೆಗೆ ಹಾಕಿದ ಆ ಒಂದು ಹಿಡಿ ಯಾವುದು? ಔಷಧಿಯೋ, ಅರಿಸಿನವೋ?

ಹೊಸತೊಡಕಿನ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಶಿವಶಂಕರ್ ಚೀಲ ಹಿಡಿದು ಬಂದೇಬಿಟ್ಟರು. "ಔಷಧಿ ಹಾಕಿಲ್ಲ ತಾನೇ?"

ಲಕ್ಷ್ಮಣಪ್ಪ ಬಲೆ ಹಿಡಿದು ಬಲಗಡೆ ತೊಟ್ಟಿಯ ಹತ್ತಿರ ಹೋದ. ಹಾಕಿದೀನಿ ಅಂದರೂ ಸುಳ್ಳಾಗಬಹುದು, ಇಲ್ಲ ಅಂದರೂ ಸುಳ್ಳಾಗಬಹುದು. ಸುಳ್ಳು ಹೇಳುವುದಕ್ಕಾದರೂ ನಿಜ ಗೊತ್ತಿರಬೇಕಲ್ಲ! ನಾಚಿಕೆಯಿಂದ ಮುಖ ಕೆಂಪೇರಿತು.

"ಗೊತ್ತಿಲ್ಲ ಸಾರ್."

"ನಿಮ್ಮ ಮೀನು, ನಿಮಗೇ ಗೊತ್ತಿಲ್ವಾ?"

ಮುನಿಯಕ್ಕ ಬಲೆ ಕಿತ್ತುಕೊಂಡಳು. "ಅಮ್ಮ ವೋದ್ಮ್ಯಾಕೆ ವಾರಕ್ಕೊಂದ್ಸಲದಂಗೆ ಮೂರು ನೀರು ಉಯ್ಬೇಕು ಸಾರ್. ಅಲ್ಲೀಗಂಟ ಯಾರ್ಗೂ ಮೀನಿಲ್ಲ."

ಶಿವಶಂಕರ್ ಇಬ್ಬರ ಮುಖವನ್ನೂ ನೋಡಿ ಬರಿ ಚೀಲದೊಂದಿಗೆ ಹೊರಟುಹೋದರು. ಫೋನ್ ಮಾಡಿದರೆ ದಿವ್ಯಾನೂ ಅದನ್ನೇ ಅಂದಳು: ಪುಡಿ ಬಿದ್ದಿರಬಹುದು ಅನ್ನೋದಾದ್ರೆ ಕೆಲವು ವಾರ ಮಾರ್ಬೇಡ. ಓದಿದವಳೂ ಓದದವಳೂ ಒಂದೇ ಮಾತು ಹೇಳಿದ್ದು ಹೇಗೆ? ಅದೂ ಅವನಿಗೆ ಅರ್ಥವಾಗಲಿಲ್ಲ.

ಅವತ್ತು ಊರೆಲ್ಲ ಬಾಡಿನ ಘಮ. ಲಕ್ಷ್ಮಣಪ್ಪನ ತಟ್ಟೆಗೆ ಅರಿಸಿನವಿಲ್ಲದ ಬೇಳೆಸಾರು ಬಿತ್ತು.